ಮಂಗಳವಾರ ಬಲೂನಿಗೆ ಕ್ಷೌರ

ಕಾನಹೊಸಹಳ್ಳಿ
೧೫ ಡಿಸೆಂಬರ್ ೨೦೨೪, ಭಾನುವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಜಾಗ ಸಿಗದೆ ಕೆಳಗೆ ಕುಳಿತ ಅಗಣ್ಯರೇ, ಊಟದ ವಾಸನೆ ಹಿಡಿದು ಬಂದಿರುವ ಪುಣ್ಯವಂತರೇ, ಕುರ್ಚಿ ಎಣಿಸುತ್ತ ನಿಂತಿರುವ ಶಾಮಿಯಾನದವರೇ, ಮತ್ತು ಈ ಎಲ್ಲ ಸ್ಥಾನಗಳನ್ನೂ ಇಟ್ಟಿಗಿ ಗ್ರಾಮದ ತನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಒಬ್ಬಳೇ ತುಂಬಿರುವ ನನ್ನ ಪ್ರೀತಿಯ ತಂಗಿ ಸೌಭಾಗ್ಯಳೇ,

ನಿಮ್ಮೆಲ್ಲರಿಗೂ ರಾಮಾಂಜಿನಿಯ ನಮಸ್ಕಾರ, ನಿನ್ನೊಬ್ಬಳಿಗೆ ಆಶೀರ್ವಾದ. ಇಂದಿನ ಉಪನ್ಯಾಸದ ವಿಷಯ ‘ಹಳೆಯ ಕ್ಷೌರದ ಕತ್ತಿಯ ಜೀರ್ಣೋದ್ಧಾರ: ಒಬ್ಬ ಅನನುಭವಿಯ ಅನುಭವ’. ಉಪನ್ಯಾಸಕರು ಬಿ.ಎ., ಕನ್ನಡ ಐಚ್ಛಿಕ, ಎರಡನೇ ದರ್ಜೆ. ಸದ್ಯ ಲಗ್ನಪತ್ರಿಕೆ ಹಾಗೂ ಫ್ಲೆಕ್ಸ್ ಅಂಗಡಿಯ ಮಾಲೀಕರು, ಪ್ರಾಸದ ಬಂಡಿಯ ಚಾಲಕರು. ಚಪ್ಪಾಳೆಯನ್ನು ಕೊನೆಗೆ ತಟ್ಟಬೇಕಾಗಿ ವಿನಂತಿ. ಕೊನೆಗೆ ತಟ್ಟುವ ಮನಸ್ಸು ಉಳಿದಿದ್ದರೆ.

ಮೊದಲು ಸುದ್ದಿ, ಆಮೇಲೆ ಸದ್ದು. ಅಪ್ಪನ ಕತ್ತಿ ತಯಾರಾಗಿದೆ. ಜನವರಿ ಇಪ್ಪತ್ತು, ಸೋಮವಾರ, ಮೈಲಾರದ ಹೊಳೆದಂಡೆಯಲ್ಲಿ ನಿನ್ನ ಮಗನ ಜವಳ. ನಿಮ್ಮತ್ತೆ ಪಕ್ಕೀರಮ್ಮನವರಿಗೆ ಈಗಲೇ ಕೂಗಿ ಹೇಳಿಬಿಡು, ನಾನು ಕಾಯುತ್ತೇನೆ.

ಹೇಳಿದೆಯಾ? ಮುಂದುವರಿಸುತ್ತೇನೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹ್ಞಾಂ ಅಣ್ಣಾ, ಆಮ್ಯಾಲಣ್ಣಾ’ ಎಂದು ಕೇಳತೊಡಗಿದರೆ ನನಗೆ ಹೇಳಬೇಕಾದ್ದು ಬಿಟ್ಟು ಬೇರೆಯದೇ ಬಾಯಿಗೆ ಬರುತ್ತದೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ. ಇನ್ನೊಂದು ಮಾತು. ನಿನ್ನ ಯಜಮಾನರು ಕ್ರಾಂತಿಕುಮಾರ್ ಅವರಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳುವ ಮುಂಚೆ ನೀನೊಬ್ಬಳೇ ಪೂರ್ತಿ ಓದಿಕೋ.

ಕತ್ತಿಯನ್ನು ನೀನು ಬಲ್ಲೆ, ಆದರೆ ಸಭೆಯಲ್ಲಿರುವ ಇತರರ ಅನುಕೂಲಕ್ಕಾಗಿ ವಿವರಿಸುವುದು ಉಪನ್ಯಾಸಕರ ಧರ್ಮ. ಅದು ಮಡಚುವ ಕತ್ತಿ. ಅಂಗೈಯಷ್ಟು ಉದ್ದದ ಅಲಗು, ಎಮ್ಮೆ ಕೊಂಬಿನ ಹಿಡಿ, ಹಿಡಿಗೆ ಹಿತ್ತಾಳೆಯ ಮೊಳೆ. ಅಲಗಿನ ಬೆನ್ನು ದಪ್ಪ, ಬಾಯಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ನಮ್ಮಪ್ಪ ಯರ್ರೆಪ್ಪ ಇಲ್ಲಿಯ ಬಸ್ ನಿಲ್ದಾಣದ ಎದುರು ಬೇವಿನ ಮರಕ್ಕೆ ಕನ್ನಡಿ ನೇತುಹಾಕಿ ಮರದ ಕುರ್ಚಿ ಇಟ್ಟುಕೊಂಡಿದ್ದಾಗಲೂ ಇದೇ ಕತ್ತಿ, ತಗಡಿನ ಅಂಗಡಿ ಆದ ಮೇಲೂ ಇದೇ ಕತ್ತಿ. ಬ್ಲೇಡು ಮುರಿದು ಹಾಕುವ ಕಾಲ ಬಂದ ಮೇಲೆ ಗಿರಾಕಿಗಳಿಗೆ ಬ್ಲೇಡು. ಈ ಕತ್ತಿ ಮನೆಯವರ ಮುಖಕ್ಕೆ ಮಾತ್ರ. ಅದನ್ನು ಅಪ್ಪ ಯಾರಿಗೂ ಕೈಯಿಂದ ಕೈಗೆ ಕೊಟ್ಟವನಲ್ಲ. ಕೊಡುವವನು ಹಲಗೆಯ ಮೇಲೋ ಕಲ್ಲಿನ ಮೇಲೋ ಇಡಬೇಕು, ಬೇಕಾದವನು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದ ಕತ್ತಿ ಇಬ್ಬರ ನಡುವಿನ ನಂಟನ್ನೇ ಕೊಯ್ಯುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ.

ನಿನ್ನ ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬದಿದ್ದಾಗ ಅಪ್ಪ ಮೈಲಾರಲಿಂಗಪ್ಪನಿಗೆ ಹರಕೆ ಹೊತ್ತ. ಮಗಳಿಗೆ ಕೂಸು ಕೊಡು, ಅದರ ಹುಟ್ಟುಗೂದಲು ನನ್ನ ಕತ್ತಿಯಿಂದಲೇ ತೆಗೆಸುತ್ತೇನೆ ಎಂದ. ಕೂಸು ಬರುವುದರೊಳಗೆ ಅಪ್ಪನೇ ಹೊರಟುಹೋದ. ಹೋದ ಹನ್ನೊಂದನೇ ತಿಂಗಳಿಗೆ ಮೈಲಾರೇಶ ಹುಟ್ಟಿದ. ಆಗ ನೀನು ಬಾಣಂತಿಕೋಣೆಯಲ್ಲಿ ಮಲಗಿದ್ದವಳು ಹರಕೆಗೆ ಒಂದು ಬಾಲ ಸೇರಿಸಿದೆ. “ಕತ್ತಿ ಅಪ್ಪಂದು, ಕೈ ನಿಂದ ಆಗಬೇಕಣ್ಣಾ. ಅಪ್ಪನ ಕಡೀ ಕ್ಷೌರ ಮಾಡಿದ ಕೈ ಅದು. ಬ್ಯಾರೆ ಯಾರ ಕೈನೂ ನನ್ನ ಕೂಸಿನ ತಲಿಗೆ ಬ್ಯಾಡ,” ಎಂದೆ. ನಿಮ್ಮತ್ತಿಗೆ ಕೊಟ್ರಮ್ಮ ಪಕ್ಕದಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನ ಮುಖ ನೋಡಿದಳು. ನಾನು ತೊಟ್ಟಿಲು ನೋಡಿದೆ.

ಜವಳಕ್ಕೆ ಬೆಸ ವರ್ಷವೇ ಆಗಬೇಕು, ಒಂದು, ಮೂರು, ಇಲ್ಲವೇ ಐದು. ಮೊದಲ ವರ್ಷ ಕೊರೋನಾ ಬಂತು. ಲೋಕವೆಲ್ಲ ಅದನ್ನು ಶಪಿಸುವಾಗ ಕಾನಹೊಸಹಳ್ಳಿಯಲ್ಲಿ ಒಬ್ಬ ಮಾತ್ರ ಒಳಗೊಳಗೇ ಕೈಮುಗಿದ. ಮೂರನೇ ವರ್ಷ ನಾನೇ ಪಂಚಾಂಗವಾದೆ. ಲಗ್ನಪತ್ರಿಕೆ ಅಚ್ಚು ಹಾಕುವವನಲ್ಲವೇ, ಮುಹೂರ್ತದ ಮಾತನ್ನು ನೀವೆಲ್ಲ ನನ್ನ ಬಾಯಿಂದ ನಂಬುತ್ತೀರಿ. ಒಮ್ಮೆ ಗುರು ಅಸ್ತ ಎಂದೆ, ಒಮ್ಮೆ ಶುಕ್ರ ಅಸ್ತ ಎಂದೆ, ನಿಮ್ಮಣ್ಣ ಮಾತ್ರ ಸುಳ್ಳಿನಲ್ಲಿ ಸಿದ್ಧಹಸ್ತ. ಆಷಾಢ, ಶೂನ್ಯಮಾಸ, ಪಕ್ಷಮಾಸ ಎಲ್ಲ ಮುಗಿದ ಮೇಲೆ ಕೊಟ್ರಮ್ಮನ ದೂರದ ಸೋದರತ್ತೆಯೊಬ್ಬಳನ್ನು ಸಾಯಿಸಿ ಸೂತಕ ಹಿಡಿದೆ. ಆ ಹೆಂಗಸು ಹರಪನಹಳ್ಳಿಯಲ್ಲಿ ಇವತ್ತಿಗೂ ಮಿರ್ಚಿ ಕರಿಯುತ್ತಿದ್ದಾಳೆ. ಕ್ಷಮಿಸು. ಗ್ರಹಗಳು ಎಂದಿನಂತೆ ಮುಳುಗೆದ್ದವು, ಮೇಲೇಳದೆ ಮುಳುಗಿದ್ದವನು ನಾನೊಬ್ಬನೇ.

ಈ ಐದನೇ ವರ್ಷ ಬರುವ ಫೆಬ್ರವರಿ ಹನ್ನೊಂದಕ್ಕೆ ಮುಗಿಯುತ್ತದೆ. ಅದು ದಾಟಿದರೆ ಏಳನೆಯದು. ಏಳೆಂದರೆ ದೊಡ್ಡ ಶಾಲೆ, ದೊಡ್ಡ ಹುಡುಗರು, ಬೆನ್ನ ಮೇಲೆ ಎರಡು ಜಡೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಜುಲೈವರೆಗೆ ಸುಮ್ಮನಿದ್ದೆ.

ಆಗಸ್ಟ್ ಹದಿನೈದಕ್ಕೆ ನೀನು ಒಂದು ಫೋಟೋ ಕಳಿಸಿದೆ. ನಿಮ್ಮೂರ ಅಂಗನವಾಡಿಯ ಗೀತಮ್ಮ ಟೀಚರ್‌ಗೆ ಭಾರತಮಾತೆಯ ಪಾತ್ರಕ್ಕೆ ಉದ್ದ ಕೂದಲಿನ ಮಗು ಬೇಕಾಗಿತ್ತು, ಹುಡುಗಿಯರೆಲ್ಲ ಬಾಬ್ ಕಟ್, ಉದ್ದ ಕೂದಲಿದ್ದದ್ದು ನಿನ್ನ ಮಗನಿಗೊಬ್ಬನಿಗೇ. ಕಿರೀಟ, ಸೀರೆ, ಕೈಯಲ್ಲಿ ಬಾವುಟ, ಸೊಂಟದವರೆಗೆ ಬಿಚ್ಚಿದ ಕೂದಲು. ನೀನು ನಗುವ ಗೊಂಬೆಯ ಚಿತ್ರ ಹಾಕಿದ್ದೆ. ಅವನು ನಗುತ್ತಿರಲಿಲ್ಲ. ಹಿಂದೆಯೇ ಅವನ ದನಿ ಬಂತು. “ಮಾಮಾ, ನಾ ಹುಡುಗ ಅದೀನಿ. ನನ್ನ ಕೂದ್ಲ ತೆಗಿಯಾಕ ಯಾವಾಗ ಬರ್ತಿ? ಎಲ್ಲಾರೂ ನನ್ನ ಮಾತಾಜಿ ಮಾತಾಜಿ ಅಂತಾರ.”

ನಾನು ಆ ದನಿಯನ್ನು ಅಂಗಡಿಯಲ್ಲಿ ಕುಳಿತು ಏಳೆಂಟು ಸಲ ಕೇಳಿದೆ. ಗಿರಾಕಿ ಒಬ್ಬ ನಾಮಕರಣದ ಕಾರ್ಡಿಗೆ ಪ್ರಾಸ ಕೇಳಲು ಬಂದವನು ಕೇಳದೆಯೇ ಹೋದ. ಸಂಜೆ ಮನೆಗೆ ಬಂದು ಟ್ರಂಕು ತೆಗೆದೆ.

ಕತ್ತಿ ಅಪ್ಪನ ಚೌಕದ ಟವೆಲ್ಲಿನಲ್ಲಿ ಸುತ್ತಿದಂತೆಯೇ ಇತ್ತು. ಫೋನಿನಲ್ಲಿ ನೀನು ವಿಚಾರಿಸಿದಾಗಲೆಲ್ಲ “ಥಳಥಳ ಅಂತೈತಿ, ಮುಖ ನೋಡ್ಕೊಬೌದು” ಎನ್ನುತ್ತಿದ್ದೆನಲ್ಲ, ಅದೇ ಕತ್ತಿ ಬಾಯಿಯನ್ನೇ ಬಿಡಲಿಲ್ಲ. ಕೀಲಿಗೆ ಎಣ್ಣೆ ಬಿಟ್ಟು, ಒಲೆಯ ಹತ್ತಿರ ಬೆಚ್ಚಗೆ ಮಾಡಿ, ಬೇಡಿಕೊಂಡ ಮೇಲೆ ಕಿರ್ ಎನ್ನುತ್ತ ತೆರೆಯಿತು. ಅಲಗಿನ ತುಂಬ ಹಳೆ ಬೆಲ್ಲದ ಬಣ್ಣದ ತುಕ್ಕು, ಟವೆಲ್ಲಿನ ಮೇಲೂ ಅದರದೇ ಅಚ್ಚು. ಈ ತುಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಸಭಿಕರಲ್ಲಿ ಏಳಬಹುದು. ಅದನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ.

ಪ್ರಯೋಗ ಒಂದು. ದೇವರ ಸಾಮಾನು ಹುಣಸೆಹಣ್ಣಿನಿಂದ ಬೆಳಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹಿತ್ತಾಳೆಗೆ ಆದದ್ದು ಉಕ್ಕಿಗೆ ಆಗದೇ ಎಂದು ಕತ್ತಿಗೆ ಹುಣಸೆಹಣ್ಣು ಮೆತ್ತಿ ಒಂದಿಡೀ ದಿನ ಬಿಟ್ಟೆ. ತುಕ್ಕು ಅರ್ಧ ಹೋಯಿತು, ಬಣ್ಣ ಪೂರ್ತಿ ಹೋಯಿತು. ಹಂಚಿನ ತಳದಂತೆ ಕರ್ರಗಾಯಿತು. ಕೊಟ್ರಮ್ಮ ಇಣುಕಿ ನೋಡಿ, “ಚಲೋ ಆತು. ಒಂದೀಟು ಉಪ್ಪು, ಒಗ್ಗರಣಿ ಹಾಕ್ರಿ, ರಾತ್ರಿ ಊಟಕ್ಕ ಆಕ್ಕತಿ,” ಎಂದಳು.

ಪ್ರಯೋಗ ಎರಡು. ಹಿತ್ತಲಲ್ಲಿ ಕುಡುಗೋಲು ಮಸೆಯುವ ಕಲ್ಲಿತ್ತು. ನೀರು ಹೊಯ್ದು, ಅಂಗಿಯ ತೋಳು ಮಡಿಸಿ, ಕುಡುಗೋಲಿಗೆ ಹೇಗೋ ಹಾಗೆ ಅಲಗನ್ನು ಎತ್ತಿ ಹಿಡಿದು ಉಜ್ಜಿದೆ. ಉಜ್ಜಿದಷ್ಟೂ ಶಕ್ತಿ ಬಂತು, ಶಕ್ತಿ ಬಂದಷ್ಟೂ ಉಜ್ಜಿದೆ. ಬೆಳಕಿಗೆ ಹಿಡಿದು ನೋಡಿದರೆ ಬಾಯಿಯ ತುಂಬ ಸಣ್ಣ ಸಣ್ಣ ಹಲ್ಲು. ಕತ್ತಿ ಗರಗಸವಾಗಿತ್ತು. ಆದರೂ ಒಂದು ಸಲ ನೋಡೋಣ ಎಂದು ನನ್ನ ಗಲ್ಲದ ಮೇಲೆ ಎಳೆದೆ. ಮೂರು ದಿನ ಪಟ್ಟಿ. ಬೆಕ್ಕು ಪರಚಿತು ಎಂದು ಗಿರಾಕಿಗಳಿಗೆ ಹೇಳಿದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಎಂದು ಕೊಟ್ರಮ್ಮ ಅಂಗಡಿಗೇ ಬಂದು ಹೇಳಿ ಹೋದಳು. ಕತ್ತಿಗೆ ತುಕ್ಕು, ನನಗೆ ಸೊಕ್ಕು, ಎರಡೂ ಒಂದೇ ಕಲ್ಲಿನ ಮೇಲೆ ಕರಗಬೇಕಿತ್ತೆಂದು ಕಾಣುತ್ತದೆ.

ಉಳಿದದ್ದು ಒಂದೇ ದಾರಿ, ಅದು ಕೊಟ್ಟೂರಿಗೆ ಹೋಗುತ್ತಿತ್ತು. ಹುಲುಗಣ್ಣ ನಿನಗೆ ನೆನಪಿದ್ದಾನೆ. ಸಭಿಕರ ಗಮನಕ್ಕೆ: ಹತ್ತನೇ ವಯಸ್ಸಿಗೆ ಅಪ್ಪನ ಕೈಕೆಳಗೆ ಬಂದವನು, ಅಪ್ಪನನ್ನು ಇಂದಿಗೂ ಉಸ್ತಾದ್ ಎನ್ನುವವನು. ಈಗ ಅರವತ್ತು ದಾಟಿದೆ, ಕೊಟ್ಟೂರಿನ ಬಸ್ ನಿಲ್ದಾಣದ ಬಳಿ ಎರಡು ಕುರ್ಚಿಯ ಸ್ವಂತ ಅಂಗಡಿ. ಓಡುವ ಲಾರಿಯಲ್ಲಿ ಡ್ರೈವರಿಗೆ ಗಡ್ಡ ಹೆರೆದವನು, ಕಣ್ಣು ಮುಚ್ಚಿ ಮೀಸೆ ತಿದ್ದಿದವನು, ತನ್ನ ಕೈಗೆ ಅಂಜಿಕೆ ಎಂಬುದೇ ಗೊತ್ತಿಲ್ಲ ಎಂದು ದಿನಕ್ಕೆರಡು ಸಲವಾದರೂ ಹೇಳುವವನು. ಅಪ್ಪ ಹೋದ ಮೇಲೆ ನಾನು ಅವನ ಅಂಗಡಿಯ ಮುಂದೆ ಹಾದಿರಲಿಲ್ಲ. ಕೊಟ್ಟೂರಿಗೆ ಹೋದರೆ ಬಸ್ ನಿಲ್ದಾಣದ ಆಚೆ ಬಾಗಿಲಿನಿಂದ ಇಳಿದು ಹೋಗುತ್ತಿದ್ದೆ. ಏನೋ ಸಣ್ಣ ಮನಸ್ತಾಪ ಎಂದು ನಿನಗೆ ಹೇಳಿದ್ದೆ. ಮನಸ್ತಾಪ ಅವನದಾಗಿರಲಿಲ್ಲ.

ಆಗಸ್ಟ್ ಇಪ್ಪತ್ತು, ಮಂಗಳವಾರ ಹೋದೆ. ಮಂಗಳವಾರ ನಮ್ಮವರು ಯಾರ ಕೂದಲಿಗೂ ಕತ್ತಿ ಮುಟ್ಟಿಸುವುದಿಲ್ಲ, ಅಂಗಡಿ ಖಾಲಿ ಇರುತ್ತದೆ, ಅವಮಾನವಾದರೂ ಸಾಕ್ಷಿಗಳಿರುವುದಿಲ್ಲ ಎಂಬ ಲೆಕ್ಕಾಚಾರ. ಹುಲುಗಣ್ಣ ಗಿರಾಕಿಯ ಕುರ್ಚಿಯಲ್ಲಿ ಕುಳಿತು ಪೇಪರ್ ಓದುತ್ತಿದ್ದ. ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿದ.

“ಏನಲೇ ಬೀಏ, ದಾರಿ ನೆಪ್ಪಾತೇನು?”

ನಾನು ಟವೆಲ್ಲಿನ ಗಂಟನ್ನು ಕನ್ನಡಿ ಮುಂದಿನ ಹಲಗೆಯ ಮೇಲೆ ಇಟ್ಟೆ. ಅವನು ಬಿಚ್ಚಿದ. ಅಲಗನ್ನು ಮೂಸಿದ.

“ಹುಣಸಿಹಣ್ಣು?”

“ಹೂಂ.”

“ಇದನ್ನ ಮಸದಿಯೋ, ಇದ್ರಿಂದ ಕಟ್ಟಿಗಿ ಕಡದಿಯೋ?”

“ಮಸದೆ.”

“ಉಸ್ತಾದ್ ಇದ್ದಿದ್ರ ಈ ಕತ್ತಿಗೆ ಏನೂ ಮಾಡ್ತಿದ್ದಿಲ್ಲ. ನಿನ್ನ ಮಸೀತಿದ್ದ,” ಎಂದ. ಆಮೇಲೆ ಮೆಲ್ಲಗೆ, “ಯಾಕ ಬೇಕಾತು ಈಗ?” ಎಂದು ಕೇಳಿದ.

ಜವಳದ ಮಾತು ಹೇಳಿದೆ. ಹರಕೆ ಅವನಿಗೆ ಗೊತ್ತಿತ್ತು. “ಯಾರು ಮಾಡೋರು?” ಎಂದ. “ನಾನೇ. ಸೌಭಾಗ್ಯ ನನ್ನ ಕೈನೇ ಆಗಬೇಕು ಅಂದಾಳ,” ಎಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. “ಹೌದಾ,” ಎಂದ. ಅಷ್ಟೇ. ಎದುರಿನ ಹೋಟೆಲಿಗೆ ಕೈಸನ್ನೆ ಮಾಡಿ ಎರಡು ಚಹಾ ತರಿಸಿದ. “ಮುಂದಿನ ಮಂಗಳವಾರ ಬಾ. ಉಸ್ತಾದರ ಮಸೆಗಲ್ಲು ತಗೊಂಬಾ. ಹುಣಸಿಹಣ್ಣು ತರಬ್ಯಾಡ.”

ಮಸೆಗಲ್ಲು ಮನೆಯಲ್ಲೇ ಸಿಕ್ಕಿತು. ಕೊಟ್ರಮ್ಮ ಅದನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಹೇರಿದ್ದಳು.

ಜನ ಹದಿನಾರು ಸೋಮವಾರದ ವ್ರತ ಮಾಡುತ್ತಾರೆ. ನಾನು ಹದಿನಾರು ಮಂಗಳವಾರ ಮಾಡಿದೆ. ಬೆಳಿಗ್ಗೆ ಬಸ್ಸಿಗೆ ಕೂಡ್ಲಿಗಿ, ಅಲ್ಲಿಂದ ಕೊಟ್ಟೂರು. ನೀನು ಮಂಗಳವಾರ ಫೋನ್ ಮಾಡಿದಾಗಲೆಲ್ಲ ಹಿಂದೆ ಕಂಡಕ್ಟರನ ದನಿ ಕೇಳಿಸಿ, “ಎಲ್ಲದೀ ಅಣ್ಣಾ?” ಎನ್ನುತ್ತಿದ್ದೆ. ಫ್ಲೆಕ್ಸ್ ಬಟ್ಟೆ ತರಲು ಹೊರಟಿದ್ದೇನೆ ಎಂದು ನಾನು ಹೇಳುತ್ತಿದ್ದೆ. ಹೇಳಿದಷ್ಟು ಫ್ಲೆಕ್ಸ್ ನಿಜವಾಗಿ ತಂದಿದ್ದರೆ ಇಡೀ ಕಾನಹೊಸಹಳ್ಳಿಗೇ ಶಾಮಿಯಾನ ಹಾಕಬಹುದಿತ್ತು.

ಮೊದಲ ನಾಲ್ಕು ವಾರ ಬರೀ ತುಕ್ಕು. ಸೀಮೆಎಣ್ಣೆ ಮತ್ತು ಕೊಬ್ಬರಿ ಎಣ್ಣೆ ಬೆರೆಸಿ ಅಲಗಿಗೆ ಸವರಿ, ಜರಡಿ ಹಿಡಿದ ಬೂದಿಯನ್ನು ಮೆತ್ತನೆ ಬಟ್ಟೆಯಲ್ಲಿ ಅದ್ದಿ ಉಜ್ಜುವುದು. ನಾನು ಅವಸರ ಮಾಡಿದಾಗಲೆಲ್ಲ ಹುಲುಗಣ್ಣ ನನ್ನ ಮೊಣಕೈಗೆ ಬಾಚಣಿಗೆಯಿಂದ ಹೊಡೆಯುತ್ತಿದ್ದ. “ಭಾಂಡೆ ತಿಕ್ಕಾಕ ಬಂದೀಯೇನಲೇ? ಕೂಸಿನ ಬೆನ್ನು ತಿಕ್ಕಿದಂಗ ತಿಕ್ಕು.” ತುಕ್ಕು ಹೋದ ಜಾಗದಲ್ಲಿ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳು ಉಳಿದವು. ಅವನ್ನೂ ತೆಗೆಯೋಣ ಎಂದೆ. “ಅವು ಹೋಗಂಗಿಲ್ಲ. ಬೆನ್ನಿಗೆ ಅದಾವ, ಬಾಯಿಗೆ ಬಂದಿಲ್ಲ. ಇರ್ಲಿ ಬಿಡು,” ಎಂದ.

ಐದನೇ ವಾರ ಸಡಿಲವಾಗಿದ್ದ ಹಿತ್ತಾಳೆ ಮೊಳೆಯನ್ನು ತಟ್ಟಿ ಬಿಗಿ ಮಾಡಿದ. ಆರನೇ ವಾರದಿಂದ ಕಲ್ಲು. ಇಲ್ಲಿ ಸಭಿಕರು ಪೆನ್ನು ತೆಗೆದುಕೊಳ್ಳಬಹುದು. ಕುಡುಗೋಲಿನಂತೆ ಎತ್ತಿ ಹಿಡಿಯಬಾರದು. ಅಲಗು ಕಲ್ಲಿನ ಮೇಲೆ ಪೂರ್ತಿ ಮಲಗಬೇಕು, ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿರಬೇಕು. ಬಾಯಿ ಮುಂದಾಗಿ ತಳ್ಳಬೇಕು, ಕೊನೆಗೆ ಬಂದಾಗ ಎತ್ತದೆ ಬೆನ್ನಿನ ಮೇಲೇ ಹೊರಳಿಸಿ ತಿರುಗಿ ಬರಬೇಕು. ಭಾರ ಹಾಕಬಾರದು. “ಕತ್ತಿಗೆ ತನ್ನ ಭಾರ ಐತಿ, ನಿನ್ನ ಭಾರ ಬ್ಯಾಡ ಅದಕ್ಕ,” ಎನ್ನುತ್ತಿದ್ದ. ನನ್ನ ಗರಗಸದ ಹಲ್ಲುಗಳು ಹೋಗಲು ಆರು ಮಂಗಳವಾರ ಹಿಡಿದವು. ಮೊದಲು ಕರ್ ಕರ್ ಎನ್ನುತ್ತಿದ್ದ ಸದ್ದು ಒಂದು ದಿನ ತಾನಾಗಿಯೇ ಸಣ್ಣದಾಯಿತು, ಒದ್ದೆ ನೆಲದ ಮೇಲೆ ಸೀರೆಯ ಸೆರಗು ಎಳೆದಂತೆ. ಹುಲುಗಣ್ಣ ಪೇಪರ್ ಕೆಳಗಿಟ್ಟ. “ಕೇಳಿಸ್ತೇನು?” ಎಂದ. ಕೇಳಿಸಿತ್ತು, ಸೌಭಾಗ್ಯ. ಬೇವಿನ ಮರದ ಕೆಳಗೆ ಅಪ್ಪ ಮಸೆಯುವಾಗ ನಾವಿಬ್ಬರೂ ಶಾಲೆಯ ಚೀಲ ಹಾಕಿಕೊಂಡು ನಿಂತು ಕೇಳುತ್ತಿದ್ದ ಸದ್ದೇ ಅದು.

ಕಲ್ಲಾದ ಮೇಲೆ ತೊಗಲಿನ ಪಟ್ಟಿ, ಅದರ ಮೇಲೆ ಬೆನ್ನು ಮುಂದಾಗಿ ಎಳೆಯುವುದು. ಮುಂಗೈಯ ಕೂದಲ ಮೇಲೆ ಚರ್ಮಕ್ಕೆ ಮುಟ್ಟಿಸದಂತೆ ಹಾಯಿಸಿದರೆ ಕೂದಲು ತಾನೇ ಉದುರಬೇಕು. ಅದನ್ನು ಮಂಗಳವಾರ ನೋಡುವಂತಿಲ್ಲ, ಬುಧವಾರ ಮನೆಯಲ್ಲಿ ನೋಡಿಕೊಂಡೆ. ಉದುರಿತು. ನನ್ನ ಎಡ ಮುಂಗೈ ಈಗ ಮೈಲಾರೇಶನ ಗಲ್ಲದಂತಿದೆ.

ಕತ್ತಿ ಕಲಿಯಿತು, ಕೈ ಕಲಿಯಬೇಕಿತ್ತು. ಮಂಗಳವಾರ ಕೂದಲಿಗೆ ಕತ್ತಿ ಮುಟ್ಟಿಸುವಂತಿಲ್ಲವಲ್ಲ, ಹುಲುಗಣ್ಣ ಶಾಸ್ತ್ರ ತಿರುವಿ ದಾರಿ ಹುಡುಕಿದ. “ಬಲೂನಿಗೆ ಕೂದ್ಲಿಲ್ಲ. ಬಲೂನಿಗೆ ಮಂಗಳವಾರನೂ ಇಲ್ಲ.” ಬಲೂನು ಊದಿ, ಸೋಪಿನ ನೊರೆ ಹಚ್ಚಿ, ನೊರೆಯನ್ನು ಕತ್ತಿಯಿಂದ ಒಡೆಯದಂತೆ ತೆಗೆಯಬೇಕು. ಮೊದಲ ದಿನ ಒಂಬತ್ತು ಒಡೆದವು. ಪ್ರತಿ ಸದ್ದಿಗೂ ಎದುರಿನ ಹೋಟೆಲಿನಿಂದ “ಏ ಹುಲುಗಣ್ಣಾ, ಯಾರ್ದಲೇ ಮೆರವಣಗಿ?” ಎಂಬ ಕೂಗು. “ನಮ್ಮ ಬೀಏ ಪಿಎಚ್‌ಡಿ ಮಾಡಾಕತ್ತಾನ,” ಎಂದು ಇವನ ಉತ್ತರ. ಒಡೆದರೆ ಬಲೂನು, ಉಳಿದರೆ ಸಲೂನು ಎಂದು ನಾನು ಪ್ರಾಸ ಕಟ್ಟಿದೆ. “ಪ್ರಾಸ ಆಮ್ಯಾಲ ಕಟ್ಟು, ಈಗ ಉಸಿರು ಕಟ್ಟು,” ಎಂದ. ಅವನಿಗೆ ಗೊತ್ತಿಲ್ಲದೆಯೇ ಅದೂ ಪ್ರಾಸವಾಗಿತ್ತು. ಹೇಳಲಿಲ್ಲ, ಕೈಯಲ್ಲಿ ಬಾಚಣಿಗೆ ಇತ್ತು. ಹದಿನಾರನೇ ಮಂಗಳವಾರ, ಡಿಸೆಂಬರ್ ಮೂರಕ್ಕೆ, ಆರು ಬಲೂನು ಸಾಲಾಗಿ ಕಟ್ಟಿ ಆರನ್ನೂ ಒಡೆಯದೆ ಬೋಳಿಸಿದೆ. ಅವನ್ನು ಬಸ್ಸಿನಲ್ಲಿ ಹಿಡಿದು ತಂದದ್ದು ನಲವತ್ತೈದರ ವಯಸ್ಸಿಗೆ ಶೋಭೆಯಲ್ಲ. ಆದರೂ ತಂದೆ.

ಮೊನ್ನೆ ಬುಧವಾರ ಬರಹೇಳಿದ. ಮೊದಲ ಸಲ ಮಂಗಳವಾರ ಬಿಟ್ಟು. ಯಾವ ಗಿರಾಕಿಯನ್ನು ನನಗೆ ಬಲಿ ಕೊಡುತ್ತಾನೋ ಎಂದು ಹೆದರುತ್ತ ಹೋದೆ. ಅಂಗಡಿಯ ಬಾಗಿಲು ಅರ್ಧ ಎಳೆದ. ಕತ್ತಿಯನ್ನು ಕುದಿನೀರಿನಲ್ಲಿ ಅದ್ದಿ ತೆಗೆದು ಹಲಗೆಯ ಮೇಲಿಟ್ಟ. ತಾನೇ ತಲೆಗೆ ನೀರು ಹೊಯ್ದುಕೊಂಡು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ. ತಲೆ ತುಂಬ ದಟ್ಟ ಬಿಳಿ ಕೂದಲು, ಅವನಿಗೆ ಅದರ ಬಗ್ಗೆ ಎಷ್ಟು ಜಂಬ ನಿನಗೆ ಗೊತ್ತು.

“ಎತ್ತಿಗ್ಯಾ.”

“ಬ್ಯಾಡೋ ಹುಲುಗಣ್ಣಾ. ಕೈ ನಡಗಾಕತ್ತೈತಿ.”

“ನಡಗ್ಲಿ ಬಿಡು. ಕತ್ತಿ ನಡಗದಿದ್ರ ಸಾಕು.”

ಎತ್ತಿಕೊಂಡೆ. ಹಣೆಯ ಅಂಚಿನಿಂದ ಮೊದಲ ಎಳೆತ. ಬಿಳಿ ಕೂದಲು ಒದ್ದೆಯಾಗಿ ನನ್ನ ಬೆರಳ ಮೇಲೆ ಬಿತ್ತು, ಕೆಳಗೆ ಚರ್ಮ ತಣ್ಣಗೆ ಹೊಳೆಯಿತು. ಎಲ್ಲೂ ಕೆಂಪಿಲ್ಲ. ಕಿವಿಯ ಹಿಂದೆ, ಕುತ್ತಿಗೆಯ ಗುಳಿಯಲ್ಲಿ, ನೆತ್ತಿಯ ಸುಳಿಯ ಸುತ್ತ ನಾನು ಉಸಿರಾಡಿದ್ದೇ ನೆನಪಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು, ಅವನಾಗಿದ್ದರೆ ಹತ್ತು ನಿಮಿಷ. ಕೊನೆಗೆ ಪಟಿಕ ಉಜ್ಜಿದೆ. ಚುರುಕ್ ಎನ್ನಲಿಲ್ಲ. ಒಂದು ಗೀರೂ ಇರಲಿಲ್ಲ, ಸೌಭಾಗ್ಯ. ಒಂದೂ.

ಅವನು ಬೋಳುತಲೆ ಸವರಿಕೊಂಡು ಹೊರಗೆ ಹೋಗಿ ನಿಂತ. ಬೋಳಿಸಿದ ತಲೆ ಕಂಡರೆ ನಮ್ಮ ಕಡೆ ಕೇಳುವುದು ಒಂದೇ ಪ್ರಶ್ನೆ. ಹೋಟೆಲಿನವನು ಗಾಬರಿಯಾಗಿ ಓಡಿ ಬಂದ. “ಯಾರು ತೀರ್ಕೊಂಡ್ರು ಹುಲುಗಣ್ಣಾ?”

“ಯಾರೂ ತೀರಿಲ್ಲ. ನಾ ಉಳಕೊಂಡೀನಿ, ನೋಡ್ಕೋ,” ಎಂದ.

ನಾನು ಒಳಗೆ ಗಿರಾಕಿಯ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಐದು ವರ್ಷ ಎದೆಯ ಮೇಲೆ ಕುಳಿತಿದ್ದ ಆನೆಯೊಂದು ತಾನಾಗಿಯೇ ಎದ್ದು ಬಸ್ಸು ಹತ್ತಿ ಹೋದ ಹಾಗಿತ್ತು. ಅವತ್ತು ಮನೆಗೆ ಬಂದು ನಾಲ್ಕು ರೊಟ್ಟಿ ಹೆಚ್ಚು ತಿಂದೆ. ಕೊಟ್ರಮ್ಮ ಎಣಿಸಿದಳು.

ಆದ್ದರಿಂದ ಮೈಲಾರೇಶನಿಗೆ ಹೇಳು. ಜನವರಿ ಇಪ್ಪತ್ತಕ್ಕೆ ಮಾಮ ಬರುತ್ತಾನೆ, ಮುಂದಿನ ಆಗಸ್ಟಿಗೆ ಗೀತಮ್ಮ ಟೀಚರ್ ಬೇರೆ ಮಾತಾಜಿಯನ್ನು ಹುಡುಕಿಕೊಳ್ಳಲಿ. ಇಲ್ಲಿಗೆ ಉಪನ್ಯಾಸ ಮುಗಿಯಿತು. ವಂದನಾರ್ಪಣೆ: ಕಲ್ಲಿಗೆ, ತೊಗಲಿಗೆ, ನಲವತ್ತೊಂದು ಹುತಾತ್ಮ ಬಲೂನುಗಳಿಗೆ, ಉಪ್ಪಿನಕಾಯಿ ಜಾಡಿಗೆ, ಮತ್ತು ಕೊನೆಯವರೆಗೂ ಎದ್ದು ಹೋಗದೆ ಕುಳಿತ ಸಭಿಕರಾದ…

ಸಭಿಕರು ಯಾರೂ ಇಲ್ಲ, ಸೌಭಾಗ್ಯ. ನೀನು, ನಾನು ಇಬ್ಬರೇ. ಅಪ್ಪನ ಕಡೇ ಕ್ಷೌರ ಮಾಡಿದ್ದು ನಾನಲ್ಲ.

ಅವತ್ತು ಬೆಳಿಗ್ಗೆ ಅಪ್ಪ ಮಂಚದ ಅಂಚಿಗೆ ಕತ್ತಿ ಇಟ್ಟು, “ಇವತ್ತೊಂದಿನ ನೀ ಮಾಡು ಮಗನ,” ಎಂದ. ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ. ನಾನು ಎತ್ತಿಕೊಂಡೆ, ನೀರಿಗೆ ಅದ್ದಿದೆ. ಅಪ್ಪ ಕತ್ತು ಚಾಚಿ ಕಣ್ಣು ಮುಚ್ಚಿದ. ನನ್ನ ಕೈ ಎಷ್ಟು ನಡುಗಿತೆಂದರೆ ಬಟ್ಟಲಿನ ನೀರು ಚೆಲ್ಲಿತು. ಅರ್ಜೆಂಟ್ ಫ್ಲೆಕ್ಸ್ ಇದೆ, ಯಾರದೋ ಹುಟ್ಟುಹಬ್ಬ, ಈಗ ಬಂದೆ ಎಂದು ಸುಳ್ಳು ಹೇಳಿ ಒದ್ದೆ ಕತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಓಡಿದೆ. ಅಪ್ಪನನ್ನು ನೋಡಲು ಬಂದಿದ್ದ ಹುಲುಗಣ್ಣ ತನ್ನ ಕತ್ತಿಯಿಂದ ಮಾಡಿದ. ಹನ್ನೊಂದಕ್ಕೆ ಬಂದೆ. ಅಪ್ಪನ ಗಲ್ಲ ನುಣ್ಣಗಿತ್ತು, ಉಸಿರು ಇರಲಿಲ್ಲ. ಮಧ್ಯಾಹ್ನ ನೀನು ಬಂದು ಆ ಗಲ್ಲ ಸವರಿ, “ಅಣ್ಣಾ, ನೀನಾ ಮಾಡಿದಿ?” ಎಂದು ಅತ್ತೆ. ನಾನು ತಲೆ ತಗ್ಗಿಸಿದೆ. ಅದನ್ನೇ ನೀನು ಹೌದು ಎಂದು ತಿಳಿದೆ. ಹುಲುಗಣ್ಣ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ, ತುಟಿ ಬಿಚ್ಚಲಿಲ್ಲ. ಕತ್ತಿ ಮೂರು ದಿನ ಕಿಟಕಿಯಲ್ಲೇ ಒದ್ದೆಯಾಗಿತ್ತು. ತುಕ್ಕು ಬಂದದ್ದು ಅಲ್ಲಿಂದ.

ನೀನು ನಂಬಿದ ಕೈ ಅದಲ್ಲ. ಈಗ ಕಲಿತ ಕೈ. ಕತ್ತಿಯಂತೂ ಅಪ್ಪನದೇ. ಯಾರ ಕೈ ಎಂದು ನೀನೇ ಹೇಳು, ನಾನು ಅಥವಾ ಹುಲುಗಣ್ಣ. ನಾನಲ್ಲವೆಂದರೆ ಸೋದರಮಾವನಾಗಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ, ಅದಕ್ಕೂ ಪುಣ್ಯ ಬೇಕು. ಬರೆದು ಮುಗಿಸಿದ್ದೇ ಹಗುರಾಗಿದೆ. ಬೈಯುವುದಿದ್ದರೆ ಫೋನಿನಲ್ಲೇ ಬೈ, ಎತ್ತುತ್ತೇನೆ.

ನಿನ್ನ ಅಣ್ಣ,
ರಾಮಾಂಜಿನಿ

ಮರೆತ ಮಾತು: ಮೊನ್ನೆ ತಲೆ ಬೋಳಿಸಿಕೊಂಡ ಮೇಲೆ ಹುಲುಗಣ್ಣ ಒಂದು ವಿಷಯ ಹೇಳಿದ. ಅವತ್ತು ನಾನು ಓಡಿಹೋದ ಮೇಲೆ ಅಪ್ಪ ನಕ್ಕನಂತೆ. “ನೋಡಿದೇನಲೇ ಹುಲುಗಾ, ಕೈ ಹೆಂಗ ನಡಗಿತು ಮಗಂದು. ಅಂಜಿಕಿ ಇದ್ದೋನ ಕೈಯಾಗ ಕೂಸಿನ ತಲಿ ಕೊಡಬೌದು. ಸೌಭಾಗ್ಯಗ ಕೂಸಾದ್ರ ಅವನ ಕೈಲೇ ಮಾಡಸ್ರಿ, ನಿನ್ನಂಥ ಧೈರ್ಯಸ್ಥನ ಕೈಯಾಗ ಬ್ಯಾಡ,” ಎಂದನಂತೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲವೋ ಎಂದು ಕೇಳಿದೆ. ಬೋಳುತಲೆ ಒರೆಸಿಕೊಳ್ಳುತ್ತ ಸಿಡುಕಿದ: “ಹೆಂಗ ಹೇಳ್ಲಿ? ಉಸ್ತಾದ್ ನಿನ್ನ ಹೊಗಳಿದ್ದು ಒಂದ ಸಲ, ಅದೂ ನನ್ನ ಬೈದು.”